ಗೊಂಬೆಯ ಬಾಯಿ ಹೊಲಿದವಳು ನಾನು

ಮಿರಜ್ ಹತ್ತಿರದ ಮಾಲಗಾಂವದ ನಮ್ಮ ಮನೆಯಲ್ಲಿ, ಜೋಳ ತುಂಬಿಟ್ಟ ಪೀಪಾಯಿಯೊಳಗೆ ಸಿಕ್ಕ ಆ ಗೊಂಬೆಯನ್ನು ಮಾಡಿದವಳು ನನ್ನ ತಂಗಿ ನೀಲಾ ಅಲ್ಲ. ನಾನು. ಆ ಗೊಂಬೆಗಾಗಿ ನೀಲಾಳ ಬಲಗೈ ಜಜ್ಜಿದರು — ಜಜ್ಜುವಾಗ ಅವಳ ಮಣಿಕಟ್ಟು ಹಿಡಿದು ಕೂತವಳೂ ನಾನೇ.

ಒಂಬತ್ತು ವರ್ಷ ಇದನ್ನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ನಾನು ತವರೂರು ಸಲಗರೆಯಲ್ಲಿ ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು. ಬರೆದು ರೂಢಿಯಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ, ಆದರೆ ಪೂರ್ತಿ ಓದಿರಿ.

ಶುರುವಾದದ್ದು ಮೊಬೈಲಿನಿಂದ. ದ್ರಾಕ್ಷಿ ಒಣಗಿಸುವ ಬೇದಾಣೆ ಶೆಡ್ಡಿನ ಕೆಲಸ ಮುಗಿಸಿ ಮಧ್ಯಾಹ್ನ ಮೊಬೈಲ್ ನೋಡುತ್ತ ಒಂದಿಷ್ಟು ಅಡ್ಡಾಗುತ್ತಿದ್ದೆ. ಒಂದು ದಿನ ಯಾವುದೋ ಪರದೇಶದ ಹೆಂಗಸು ಮೇಣದಬತ್ತಿ ಹಚ್ಚಿ, ಸುತ್ತಲೂ ಉಪ್ಪಿನ ಗೆರೆ ಎಳೆಯುವುದು ಕಂಡಿತು. ನಗು ಬಂತು. ಮರುದಿನ ಮತ್ತೆ ನೋಡಿದೆ. ಬೆಳದಿಂಗಳಲ್ಲಿ ನೀರಿಟ್ಟು ಕುಡಿಯುವವರು, ಇಸ್ಪೀಟಿನಂಥ ಎಲೆ ಹರಡಿ ಹಣೆಬರಹ ಹೇಳುವವರು, ಬಂಗಾಲದವರು, ಕೇರಳದವರು. ಹೊಸದಾಗಿ ಕಲಿಯುವವರಿಗೆಂದೇ ಮರಾಠಿಯಲ್ಲಿ ಬಿಡಿಸಿ ಹೇಳುವವರೂ ಇದ್ದರು. ನೂರು ಹಾಳೆಯ ವಹಿಯಲ್ಲಿ ಒಂದೊಂದು ದೇಶದ್ದು ಒಂದೊಂದು ಪುಟದಲ್ಲಿ ಬರೆದಿಟ್ಟೆ. ನಮ್ಮಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತಿದ್ದಳಲ್ಲ — ಅಲ್ಲಿಯೂ ಉಪ್ಪು, ಇಲ್ಲಿಯೂ ಉಪ್ಪು. ಅದನ್ನು ಕಂಡುಹಿಡಿದ ದಿನ ನಾನೇನೋ ದೊಡ್ಡ ಶಾಣ್ಯಾಕಿ ಅನ್ನಿಸಿತ್ತು.

ಮಕ್ಕಳಿಲ್ಲದ ಸೊಸೆಯನ್ನು ಆ ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಈ ವಹಿಯಲ್ಲಿದ್ದದ್ದು ಮಾತ್ರ ನನಗೊಬ್ಬಳಿಗೇ ಗೊತ್ತಿತ್ತು. ಇದನ್ನು ನೆಪವೆಂದು ಹೇಳುತ್ತಿಲ್ಲ. ಇದ್ದದ್ದು ಹಾಗೆ.

ನನ್ನ ನೆಗೆಣ್ಣಿ ಶೋಭಾ ವೈನಿ, ಭಾವನ ಹೆಂಡತಿ. ಒಂದು ದಿನ ಶೆಡ್ಡಿನಲ್ಲಿ ಹತ್ತು ಹೆಂಗಸರ ನಡುವೆ ಬೇದಾಣೆ ಆರಿಸುತ್ತ ಅಂದಳು:

"ದ್ರಾಕ್ಷಿ ಒಣಗಿದ್ರ ಬಾಯಾಗರ ಹಾಕ್ಕೋಬಹುದು. ಇಕಿ ಒಣಗಿ ಏನ್ ಬಂತು?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಅವಳು ಸಾಯಲಿ ಅಂದುಕೊಂಡಿರಲಿಲ್ಲ — ಬಾಯಿ ಕಟ್ಟಲಿ, ಅಷ್ಟೇ. ವಹಿಯ ನಾಲ್ಕು ಪುಟಗಳಿಂದ ನಾಲ್ಕು ಬಗೆ ಕೂಡಿಸಿದೆ. ಒಬ್ಬರ ಗೊಂಬೆ, ಒಬ್ಬರ ಏಳು ಗಂಟು, ಮತ್ತೊಬ್ಬರ ಹಾಗೆ ಬಾಯಿಗೆ ಹೊಲಿಗೆ. ನಾಲ್ಕನೆಯವರ ಪ್ರಕಾರ ಶೋಭಾ ವೈನಿಯ ಮೈಗೆ ಹತ್ತಿದ ಅರಿವೆ ಬೇಕಿತ್ತು. ಗಂಡ ಬಿಟ್ಟ ಮೇಲೆ ನೀಲಾ ಮಗಳು ಪೂಜಾಳನ್ನು ಕಟ್ಟಿಕೊಂಡು ನಮ್ಮ ಹಿಂದಿನ ಗಲ್ಲಿಯಲ್ಲೇ ಇದ್ದಳು, ಜಂಪರ ಹೊಲಿದು ಬದುಕುತ್ತಿದ್ದಳು. ಯಾರ ಜಂಪರ ಎಲ್ಲಿ ಹರಿದೀತೋ, ತೇಪೆಗೆ ಬೇಕಾದೀತು ಎಂದು ಎಲ್ಲರ ತುಣುಕುಗಳನ್ನೂ ಚೀಲದಲ್ಲಿ ಕೂಡಿಡುವುದು ಅವಳ ಪದ್ಧತಿ. ಶೋಭಾ ವೈನಿ ತೊಟ್ಟು ಹಳೆಯದಾದ ಹಸಿರು ಜಂಪರ ಕೊಟ್ಟು ತೋಳು ಗಿಡ್ಡ ಮಾಡಿಸಿದ್ದಳು. ನೀಲಾ ಚಹಾ ಇಡಲು ಒಳಗೆ ಹೋದಾಗ ಆ ತೋಳಿನ ತುಣುಕು ತೆಗೆದು ಸೆರಗಿನಲ್ಲಿ ಮುಚ್ಚಿಕೊಂಡೆ. ಆ ರಾತ್ರಿಯೇ ಗೊಂಬೆ ಹೊಲಿದು ಜೋಳದ ಪೀಪಾಯಿಯ ತಳಕ್ಕೆ ಹುಗಿದಿಟ್ಟೆ.

ಇಪ್ಪತ್ತು ದಿನಕ್ಕೆ ಶೋಭಾ ವೈನಿಯ ಬಾಯಿ ಒಂದು ಕಡೆ ಸೊಟ್ಟಗಾಯಿತು. ಮಿರಜಿನ ಡಾಕ್ಟರು, ನರದ ತೊಂದರೆ, ಒಂದೂವರೆ ತಿಂಗಳಲ್ಲಿ ಸರಿಹೋಗುತ್ತದೆ ಎಂದರು. ನಾನು ನಂಬಲಿಲ್ಲ. ನಾನೇ ಮಾಡಿದೆ ಅಂದುಕೊಂಡೆ — ಹೆದರಿಕೆಯಾಯಿತು, ಅದರ ಕೆಳಗೆ ಸ್ವಲ್ಪ ಖುಷಿಯೂ...

ಭಾವನೂ ಡಾಕ್ಟರರನ್ನು ನಂಬಲಿಲ್ಲ. ಮೈಮೇಲೆ ದೇವರು ಬರುತ್ತದೆ ಎನ್ನುವ ಒಬ್ಬ ದೇವರುಷಿಯನ್ನು ಕರೆತಂದ. ಅವನು ಮನೆಯೆಲ್ಲ ಜಾಲಾಡಿಸಿ, ನಡುಮಧ್ಯಾಹ್ನ ಜೋಳದ ಪೀಪಾಯಿ ಅಂಗಳದಲ್ಲಿ ಸುರಿಸಿದ. ಗೊಂಬೆ ಬಿತ್ತು.

"ಇದು ನನ್ನ ಜಂಪರದ ಅರಿವಿ," ಎಂದು ಶೋಭಾ ವೈನಿ ತೊದಲಿದಳು.

"ತುಣುಕು ಯಾರ ಹಂತ್ಯಾಕ ಉಳೀತಾವು?" ಎಂದ ದೇವರುಷಿ.

ಯಾರೂ ಹೆಸರು ಹೇಳಬೇಕಾಗಲಿಲ್ಲ. ಕೂದಲು ಹಿಡಿದು ನೀಲಾಳನ್ನು ಎಳೆತಂದರು. ಅವಳ ಎದೆಯ ಮೇಲೆ ದಾರ ಪೋಣಿಸಿದ ಸೂಜಿ ಚುಚ್ಚಿದ ಹಾಗೇ ಇತ್ತು. ಗೊಂಬೆಯನ್ನು ಮುಖಕ್ಕೆ ಎಸೆದರು. ಅವಳು ಅದನ್ನು ಎತ್ತಿ, ತಿರುವಿ, ಹೊಲಿಗೆ ನೋಡಿದಳು. ನಾನು ಹುಡುಗಿಯಾಗಿದ್ದಾಗಿನಿಂದ ಒಂದು ಹೊಲಿಗೆ ಉದ್ದ ಒಂದು ಗಿಡ್ಡ ಹಾಕುವವಳು. "ಕೋಳಿ ಕೆದರಿದಂಗ ಹೊಲೀತಿಯಲ್ಲs ಅಕ್ಕಾ," ಎಂದು ನಗುತ್ತಿದ್ದವಳು ಅವಳೇ. ಅಂಥ ಹೊಲಿಗೆ ನೀಲಾಳ ಕೈಯಿಂದ ಬರುವುದಿಲ್ಲವೆಂದು ಅಲ್ಲಿದ್ದ ಪ್ರತಿಯೊಬ್ಬಳ ಮೈಮೇಲಿನ ಜಂಪರವೇ ಹೇಳುತ್ತಿತ್ತು. ಯಾರೂ ನೋಡಲಿಲ್ಲ. ನೀಲಾ ಒಮ್ಮೆ ನನ್ನ ಕಡೆ ನೋಡಿದಳು.

"ನಾ ಮಾಡಿಲ್ಲರಿ," ಎಂದಳು. ಅಷ್ಟೇ ಎಂದಳು.

ನನ್ನ ಗಂಡ ನನ್ನತ್ತ ತಿರುಗಿದ. "ನಿನ್ನ ತಂಗಿ ಅದಾಳ. ನೀನೂ ಇದರಾಗ ಕೂಡಿಯೇನು?"

ನಾನು ಹೋಗಿ ಅವಳ ಕಪಾಳಕ್ಕೆ ಹೊಡೆದೆ.

ಅಲ್ಲಿಯ ತನಕ ಎಳೆದಾಡಿದ್ದರು, ಯಾರೂ ಹೊಡೆದಿರಲಿಲ್ಲ. ಮೊದಲನೆಯ ಏಟು ನನ್ನದು. ಆಮೇಲೆ ಎಲ್ಲರಿಗೂ ಸಲೀಸಾಯಿತು. ಭಾವ ಹೊಟ್ಟೆಗೆ ಒದ್ದ. ನನ್ನ ಗಂಡ ದ್ರಾಕ್ಷಿ ಚಪ್ಪರದ ಬಿದಿರು ತಂದು ಬೆನ್ನಿನ ಮೇಲೆ ಬಾರಿಸಿದ, ಬಿದಿರು ಸೀಳಿತು, ಸೀಳಿದ ಬಿದಿರಿನಿಂದಲೇ ಮತ್ತೆ ಬಾರಿಸಿದ. ನೀಲಾಳ ತುಟಿ ಹರಿದು ಒಂದು ಹಲ್ಲು ಜೋಳದಲ್ಲಿ ಬಿತ್ತು. ಆಗ ದೇವರುಷಿ ಅಂದ:

"ಕಟ್ಟಿದ ಕೈ ಮುರೀರಿ. ಇಲ್ಲಂದ್ರ ಕಟ್ಟು ಬಿಚ್ಚಂಗಿಲ್ಲ."

ಭಾವ ಒರಳಿನ ಗುಂಡು ಎತ್ತಿ ತಂದ. ನೀಲಾ ಕೈ ಎದೆಗೆ ಒತ್ತಿಕೊಂಡಳು. "ಹಿಡಿ ಇಕೀನ," ಎಂದ ನನಗೆ. ನಾನು ಆ ಕೈ ಎಳೆದು, ಕಲ್ಲಿನ ಮೇಲಿಟ್ಟು, ಎರಡೂ ಕೈಯಿಂದ ಹಿಡಿದೆ. ಮೂರು ಏಟು. ಮೊದಲನೆಯದಕ್ಕೆ ಎಲುಬಿನ ಸಪ್ಪಳ ಬಂತು. ಮೂರನೆಯದಕ್ಕೆ ಬರೀ ಹಸಿ ಸಪ್ಪಳ. ರಕ್ತ ನನ್ನ ಬಳೆಗಳೊಳಗೆ ಹರಿಯಿತು. "ಅಕ್ಕಾ" ಎಂದು ಕೂಗಿದಳು — ಯಾರನ್ನು ಕೂಗಿದಳು, ನಾನಂತೂ ಅಲ್ಲಿ —

ದವಾಖಾನೆಯಲ್ಲಿ ಮೇವು ಕತ್ತರಿಸುವ ಮಷೀನಿಗೆ ಕೈ ಸಿಕ್ಕಿತೆಂದು ಹೇಳಿದೆವು. ಡಾಕ್ಟರು ನಂಬದೆ ಮತ್ತೆ ಕೇಳಿದರು. ಒಡಹುಟ್ಟಿದವಳು ಹೇಳಿದರೆ ನಡೆಯುತ್ತದೆಂದು ನನ್ನನ್ನು ಮುಂದೆ ಮಾಡಿದರು. ಹೇಳಿದೆ, ಸಹಿಯನ್ನೂ ಹಾಕಿದೆ.

ಶೋಭಾ ವೈನಿಯ ಬಾಯಿ ಡಾಕ್ಟರು ಹೇಳಿದ ಹೊತ್ತಿಗೇ ಸರಿಹೋಯಿತು. ಕೈ ಮುರಿದದ್ದಕ್ಕೇ ಕಟ್ಟು ಬಿಚ್ಚಿತು ಎಂದು ನಮ್ಮ ಮನೆಯಲ್ಲಿ ಇವತ್ತಿಗೂ ಹೇಳುತ್ತಾರೆ. ವಹಿಯನ್ನು ನೀರೊಲೆಗೆ ಹಾಕಿದೆ. ನೀಲಾ ಕವಲಾಪುರಕ್ಕೆ ಹೋದಳು, ಎಡಗೈಯಿಂದ ಕಳೆ ಕಿತ್ತು ಮಗಳನ್ನು ಬೆಳೆಸಿದಳು.

ಕಳೆದ ವಾರ ಪೂಜಾಳಿಗೆ ನಿಶ್ಚಯವಾಗಿದ್ದ ಮಿರಜಿನ ಸಂಬಂಧ ಮುರಿಯಿತು. ಹುಡುಗಿಯ ತಾಯಿ ಕರಣಿ-ಮಾಟ ಮಾಡುವಾಕಿ ಎಂದು ಯಾರೋ ಹುಡುಗನ ಮನೆಯವರ ಕಿವಿಗೆ ಹಾಕಿದ್ದರು. ಕೇಳಿದ ದಿನವೇ ಕವಲಾಪುರಕ್ಕೆ ಹೋದೆ. ನೀಲಾ ಪಾತ್ರೆ ತಿಕ್ಕುತ್ತಿದ್ದಳು.

"ನೀಲಾ, ಆ ಗೊಂಬಿ ನಂದು."

"ಅವತ್ತs ನೋಡೀನಲ್ಲ," ಎಂದಳು, ತಲೆ ಎತ್ತದೆ.

"ಮತ್ತ ಯಾಕ ಹೇಳಲಿಲ್ಲ?"

"ನೀ ಹೇಳ್ತಿ ಅಂತ ಕಾದೆ. ಒಂದನೇ ಏಟಿಗೆ ಕಾದೆ. ಎರಡನೇದಕ್ಕೂ ಕಾದೆ."

ನಾನು ಅಳತೊಡಗಿದೆ. ಅವಳು ತಿಕ್ಕುವುದನ್ನು ನಿಲ್ಲಿಸಿದಳು.

"ನನ್ನ ಮುಂದ ಅಳಬ್ಯಾಡ. ನನಗ ಗೊತ್ತಿದ್ದದ್ದನ್ನ ನನಗs ಹೇಳಾಕ ಬಂದಿ? ಗೊತ್ತಿಲ್ಲದವರಿಗೆ ಹೋಗಿ ಹೇಳು."

ಪೂಜಾ ಒಳಗೆ ಇದ್ದಳು. ಹೊರಗೆ ಬರಲಿಲ್ಲ.

ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಮಿರಜಿಗೆ ಹೋಗುತ್ತೇನೆ. ಹುಡುಗನ ಮನೆಯಲ್ಲಿ ಕೂತು, ಇಲ್ಲಿ ಬರೆದಷ್ಟನ್ನೂ ಹೇಳುತ್ತೇನೆ. ಸಂಬಂಧ ಮತ್ತೆ ಕೂಡುತ್ತದೋ ಇಲ್ಲವೋ, ತಿಳಿಯದು. ಅಲ್ಲಿಂದ ಪೊಲೀಸ್ ಠಾಣೆಗೆ. ಇದಕ್ಕೆ ಕಾಯ್ದೆ ಇದೆಯಂತೆ. ದೇವರುಷಿಯ ಹೆಸರು ಬರೆಸುತ್ತೇನೆ, ಭಾವನ ಹೆಸರು, ನನ್ನ ಗಂಡನ ಹೆಸರು. ಆಮೇಲೆ ಮಾಲಗಾಂವದ ಮನೆಯೊಳಗೆ ನನ್ನನ್ನು ಏನು ಮಾಡುತ್ತಾರೆಂದು ನನಗೆ ಗೊತ್ತು, ನಾನೂ ಮಾಡಿದವಳೇ ಅಲ್ಲವೇ.

ಯಾರು ಮೊದಲು ಹೊಡೆದರು ಎಂದು ಠಾಣೆಯಲ್ಲಿ ಕೇಳದಿರಬಹುದು. ಕೇಳದಿದ್ದರೂ ಹೇಳುತ್ತೇನೆ.