ವಕೀಲಸಾಹೇಬರ ಮುಂಗಡ ಸಂತಾಪ

ಕಳೆದ ಮಂಗಳವಾರ ನನ್ನ ಸಾವಿನ ಸುದ್ದಿ ಟಪಾಲಿನಲ್ಲಿ ಹುಕ್ಕೇರಿಯ ನಮ್ಮ ಮನೆಗೆ ಬಂತು. ನಾನು ಬಚ್ಚಲಲ್ಲಿದ್ದೆ.

ಮೈ ಒರೆಸಿಕೊಂಡು ಹೊರಗೆ ಬಂದರೆ ಹೆಂಡತಿ ಗೌರವ್ವ ಗೋಡೆಗೆ ಆತು ನಿಂತಿದ್ದಾಳೆ. ಕೈಯಲ್ಲಿ ಕಾಗದ.

"ಗೋಕಾಕದ ವಕೀಲಸಾಹೇಬ್ರು ಬರದಾರ್ರಿ. ನೀವು ತೀರಿಕೊಂಡದ್ದಕ್ಕ ಭಾಳ ದುಃಖ ಆಗೇತಂತ."

ನಗಬೇಕಲ್ಲವೇ? ನಕ್ಕೆ. ಆಮೇಲೆ ಓದಿದೆ. ಮುತ್ತಿನಂಥ ಅಕ್ಷರ. ನನ್ನ ಸರಳತೆ, ನನ್ನ ಸತ್ಯಸಂಧತೆ (ಬದುಕಿರುವ ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ!), ಎಲ್ಲವೂ ಇತ್ತು. ತಾರೀಖಿನ ಜಾಗ ಮಾತ್ರ ಖಾಲಿ. ಕೊನೆಯ ಸಾಲಿಗೆ ಬಂದಾಗ ನಗು ನಿಂತಿತು: "ಎಡಗೈ ನೋವನ್ನು ಅವರು ನಿಮಗೂ ತಿಳಿಸದೆ ಸಹಿಸಿದರು."

ಎರಡು ತಿಂಗಳಿಂದ ನನಗೆ ಎಡಗೈ ನೋವಿದೆ. ಯಾರಿಗೂ ಹೇಳಿಲ್ಲ.

"ಖರೇನ?" ಎಂದಳು ಗೌರವ್ವ. ಹೌದೆಂದು ತಲೆಯಾಡಿಸಿದೆ. "ಇವತ್ತ ಹೋಗ್ರಿ. ಅದನ್ನ ಅವರ ಕೈಲೇ ಹರಿಸಿಕೊಂಡ ಬರ್ರಿ. ಅಲ್ಲೀತನಕಾ ನನ್ನ ಜೀವಕ್ಕ ಸಮಾಧಾನಿಲ್ಲ."

ಸರ್ವಿಸ್ ಮೋಟಾರು ಹಿಡಿದು ಗೋಕಾಕಕ್ಕೆ ಹೊರಟೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇವರು ಕೋರ್ಟಿನ ವಕೀಲರಲ್ಲ. ಒಂದು ಪುಟ್ಟ ಸಂಸ್ಥಾನದ ಪ್ರತಿನಿಧಿಯಾಗಿ (ಅಂಥವರನ್ನೂ ಆಗ ವಕೀಲರೆನ್ನುತ್ತಿದ್ದರು) ಇಂಗ್ರೇಜ ಸರಕಾರದ ಏಜೆಂಟನ ಬಂಗಲೆಯ ವರಾಂಡದಲ್ಲಿ ಮೂವತ್ತು ವರ್ಷ ಕೂತವರು. ಏಜೆಂಟ್ ಸಾಹೇಬರು ಎಂಟು ಜನ ಬದಲಾದರು, ರಾಜರು ಇಬ್ಬರು ತೀರಿಕೊಂಡರು, ಇವರ ಕುರ್ಚಿ ಮಾತ್ರ ಅಲ್ಲೇ ಇತ್ತು. ಈಗ ಪೆನ್ಶನ್. ತಿಂಗಳಿಗೊಮ್ಮೆ ನಾನು ಅವರಲ್ಲಿಗೆ ಚಹಾಕ್ಕೆ ಹೋಗುವುದುಂಟು.

ಸತ್ತವನು ಬಾಗಿಲಲ್ಲಿ ನಿಂತರೆ ಬೆಚ್ಚಬೇಡವೇ? ಅವರು ಬೆಚ್ಚಲಿಲ್ಲ, ನಾಚಿಕೊಂಡರು.

"ಮೇಜಿನ ಮ್ಯಾಲಿತ್ತು, ಸೊಸಿ ತಿಳೀದ ಟಪಾಲಿಗೆ ಹಾಕ್ಯಾಳ್ರಿ. ಅದಕ್ಕ ಇನ್ನೂ ಹೊತ್ತಿತ್ತು."

ಇನ್ನೂ ಹೊತ್ತಿತ್ತಂತೆ!

"ಹಿಂದ ಒಬ್ಬ ಸಾಹೇಬನ ಹೆಂಡ್ತಿ ತೀರಿಕೊಂಡ್ಲು" ಎಂದು ಶುರುಮಾಡಿದರು. "ನಮ್ಮ ರಾಜರ ಸಂತಾಪ ಎರಡ ದಿನ ತಡಾ ಆತು. ಬಾಜೂ ಸಂಸ್ಥಾನದ್ದು ಮೊದಲ ಮುಟ್ಟಿತು. ಆ ಸಾಹೇಬ ಇರೂತನಕಾ ನಮ್ಮ ಅರ್ಜಿ ಕಣ್ಣೆತ್ತಿ ನೋಡಲಿಲ್ಲ. ಅವತ್ತಿನಿಂದ ಎಲ್ಲಾರ್ದೂ ಮುಂಚೇನ ಬರದಿಡತೇನಿ."

ಎಲ್ಲರದೂ? ಮೇಜಿನ ಖಾನೆ ಎಳೆದು ತೋರಿಸಿದರು. ದಾರ ಕಟ್ಟಿದ ಕಾಗದಗಳು. ಟಪಾಲು ಮಾಸ್ತರರದು, ಕಿರಾಣಿ ಅಂಗಡಿಯವರದು, ಬಾಜೂ ಮನೆಯ ಬಾಣಂತಿಯದು. (ಬರುವಾಗ ಅವಳು ಜಗಲಿಯಲ್ಲಿ ಕೂಸಿಗೆ ಬಿಸಿಲು ಕಾಯಿಸುತ್ತಿದ್ದಳು.) ಖಾನೆಯನ್ನು ನಾನೇ ಮುಚ್ಚಿದೆ.

"ನನ್ನ ಕೈನೋವು ನಿಮಗ ಹೆಂಗ ಗೊತ್ತಾತ್ರಿ?"

"ನಾ ಸಾಹೇಬರ ಮಾತು ಎಂದೂ ನಂಬಲಿಲ್ರಿ, ಕೈ ನೋಡತಿದ್ದೆ. ಯಾರಿಗೆ ವರ್ಗ ಆಗತೈತಿ, ಯಾರು ಹಾಸಗಿ ಹಿಡೀತಾರ, ಕೈ ಮೊದಲ ಹೇಳತೈತಿ. ಹೋದ ಸಲ ನೀವು ಚಹಾದ ಕಪ್ಪು ಎಡಗೈಯಿಂದ ಬಲಗೈಗೆ ದಾಟಿಸಿದ್ರಿ. ಮೂರ ಸಲ."

ಮಾತಾಡುತ್ತಲೂ ನನ್ನ ಕೈಯನ್ನೇ ನೋಡುತ್ತಿದ್ದರು. ನಾನು ಅದನ್ನು ಕೋಟಿನ ಕಿಸೆಯಲ್ಲಿ ಅಡಗಿಸಿದೆ.

ಹೆದರಿದ್ದು ನಿಜ. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು. ಎರಡು ಹೊತ್ತೂ ಎದುರು ಕೂತು ಬಡಿಸುವ ಗೌರವ್ವನಿಗೆ ಕಾಣದ್ದು ಪರರಿಗೆ ಕಂಡಿತಲ್ಲ? ಅವಳನ್ನೇಕೆ ಅನ್ನಲಿ? ಅವಳಿಗೆ ಎಲ್ಲಿ ನೋವಿದೆಯೆಂದು ನನಗೆ ಗೊತ್ತೇ? ನಿಮಗೆ ನಿಮ್ಮ ಮನೆಯವರದು ಗೊತ್ತೇ?

"ಹರೀರಿ" ಎಂದು ಕಾಗದ ಮುಂದಿಟ್ಟೆ. ಮರುಮಾತಿಲ್ಲದೆ ಹರಿದರು. ಎರಡು, ನಾಲ್ಕು, ಎಂಟು ತುಂಡು. "ಡಾಕ್ಟರ್ ಕಡೆ ಹೋಗ್ರಿ, ತಡಾ ಮಾಡಬ್ಯಾಡ್ರಿ" ಎಂದು ಮೆಟ್ಟಿಲವರೆಗೆ ಬಂದು ಕಳಿಸಿದರು.

ಕೋಟೆ ಗೆದ್ದವನ ಹಾಗೆ ಮನೆಗೆ ಬಂದೆ. "ಹರಿದರು, ನನ್ನ ಕಣ್ಣೆದುರಿಗೇ!" ಎಂದೆ.

ಗೌರವ್ವನ ಮುಖ ಅರಳಲಿಲ್ಲ.

"ಕಚೇರಿ ಮಂದಿ ನಕಲು ಇಟ್ಕೊಳ್ಳದ ಕಾಗದ ಹರೀತಾರೇನ್ರಿ?"