ಕೂಸಿನ ತೂಕ ನೋಡಲು ದೇವದುರ್ಗಕ್ಕೆ

ರಾಯಚೂರು ಬಸ್ ನಿಲ್ದಾಣದಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು. ಪಿಯು ಕಾಲೇಜಿನ ಹನ್ನೆರಡು ಹುಡುಗಿಯರು, ಅವರ ಮೇಡಂ, ಜೊತೆಗೆ ನಾನು. ಆಸ್ಪತ್ರೆಯ ಕೆಲಸ ಹೇಗಿರುತ್ತದೆಂದು ಹುಡುಗಿಯರಿಗೆ ಒಂದು ದಿನ ತೋರಿಸಿ ತರುವುದಿತ್ತು. ಅವರಲ್ಲಿ ಸುಜಾತಾ ನನ್ನ ಅಣ್ಣನ ಮಗಳು. ಮಾನ್ವಿಯವಳು, ನಮ್ಮ ಮನೆಯಲ್ಲಿದ್ದು ಓದುತ್ತಾಳೆ; ಅದಕ್ಕೇ ನಾನೂ ಹೊರಟಿದ್ದೆ. ನರ್ಸಿಂಗೇ ಸೇರುತ್ತೇನೆಂದು ಹಟ. "ನೋಡಿ ಬರ್ಲಿ. ಸಂಜಿಗೂ ಅದ ಮಾತಂದ್ರ ಕಳಸ್ತೀನಿ, ಇಲ್ಲಂದ್ರ ಬಿ.ಎ. ಓದ್ಲಿ," ಎಂದಿದ್ದ ಅಣ್ಣ.

ಹೆಂಗಸರಿಗೆಲ್ಲ ಸೊನ್ನೆ ರೂಪಾಯಿ ಟಿಕೆಟ್. ಆಸ್ಪತ್ರೆಗೆ ಹೊರಟವರೆಂದು ತಿಳಿದ ಕಂಡಕ್ಟರ್ ಹದಿನಾಲ್ಕು ಟಿಕೆಟ್ ಕೊಡುತ್ತ, "ಎಲ್ಲಾರೂ ಡಾಕ್ಟರಮ್ಮಗೋಳೇನ್ರಿ?" ಎಂದ.

"ಅಲ್ರಿ, ನಿಮಗ ಸೂಜಿ ಚುಚ್ಚೋರು," ಎಂದಳು ಸುಜಾತಾ.

ಗಬ್ಬೂರು ದಾಟಿದ ಮೇಲೆ ಎರಡೂ ಕಡೆ ಹತ್ತಿ ಹೊಲ. ದೇವದುರ್ಗದಲ್ಲಿ ಇಳಿದು ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದೆವು. ಆಗಲೇ ಬಿಸಿಲು ಏರಿತ್ತು.

ಆಸ್ಪತ್ರೆಯ ಬಾಗಿಲಲ್ಲೇ ಸ್ಪಿರಿಟ್ ವಾಸನೆ. ನನಗೆ ನಾನು ಓದಿದ ಕಾನ್ವೆಂಟಿನ ಪುಟ್ಟ ದವಾಖಾನೆ ನೆನಪಾಯಿತು. ಶನಿವಾರ ಕೂಸುಗಳ ತೂಕ ನೋಡುವ ಸಿಸ್ಟರ್ ಪಕ್ಕದಲ್ಲಿ ಹತ್ತಿಯ ಟ್ರೇ ಹಿಡಿದು ನಿಲ್ಲುತ್ತಿದ್ದೆ. ಅವರ ಅಂಗಿಯ ತೋಳಿಗೆ ಯಾವಾಗಲೂ ಒಂದು ಸೇಫ್ಟಿ ಪಿನ್ ಇರುತ್ತಿತ್ತು. ನಾನೂ ಹಾಗೇ ಆಗಬೇಕೆಂದುಕೊಂಡಿದ್ದೆ. ಮನೆಯಲ್ಲಿ ಹೇಳುವ ಧೈರ್ಯ ಬರುವ ಮೊದಲೇ ಮದುವೆ ಗೊತ್ತಾಯಿತು.

ಹೆರಿಗೆ ವಾರ್ಡಿನಲ್ಲಿ ನರ್ಸಮ್ಮ ಒಂದು ಕೂಸನ್ನು ತೂಕಕ್ಕಿಟ್ಟು, "ಎಷ್ಟದ, ಓದವಾ," ಎಂದು ಸುಜಾತಾಳನ್ನು ಕರೆದರು. ಇವಳು ಹಾಜರಿ ಹೇಳುವ ದನಿಯಲ್ಲಿ, "ಮೂರು ಕಿಲೋ ನಾಕ್ನೂರು," ಎಂದು ಒದರಿಬಿಟ್ಟಳು. ವಾರ್ಡೆಲ್ಲ ತಿರುಗಿ ನೋಡಿತು. ಕೂಸಿನ ಅಜ್ಜಿ ಓಡಿಬಂದು ಸೆರಗು ಮುಚ್ಚಿದಳು.

"ಸಂತ್ಯಾಗ ಬದ್ನಿಕಾಯಿ ತೂಗಿದಂಗ ಒದರ್ತಿಯಲ್ಲಬೇ. ದೃಷ್ಟಿ ಆದ್ರ ನಿಮ್ಮಪ್ಪ ತೆಗಿತಾನೇನು?"

ನಮ್ಮ ಕಡೆ ಕೂಸಿನ ತೂಕವನ್ನು ಯಾರೂ ಜೋರಾಗಿ ಹೇಳುವುದಿಲ್ಲ. ನನಗೆ ಗೊತ್ತಿತ್ತು. ಹುಡುಗಿಗೆ ಹೇಳಲು ಹೊಳೆದಿರಲಿಲ್ಲ.

ಸುಜಾತಾ ವರಾಂಡಕ್ಕೆ ಹೋಗಿ ಕಣ್ಣೊರೆಸಿಕೊಳ್ಳುತ್ತ ನಿಂತಳು. "ಅತ್ತಿ, ಅಪ್ಪಗ ಫೋನ್ ಹಚ್ಚು. ಬಿ.ಎ.ನ ಓದ್ತೀನಿ."

"ನಮ್ಮ ಸಿಸ್ಟರು ತೂಕಾನ ತಾಯಿ ಕಿವ್ಯಾಗ ಹೇಳ್ತಿದ್ರು," ಎಂದೆ. "ಮತ್ತೊಬ್ರಿಗೆ ಕೇಳ್ತಿರಲಿಲ್ಲ. ಟ್ರೇ ಹಿಡಿದ ನನಗೂ."

ನರ್ಸಮ್ಮ ಇಣುಕಿದರು. "ಅಳೂದು ಮುಗೀತೇನು? ಇನ್ನೊಂದು ಕೂಸದ, ಬಾ."

ಎರಡನೆಯ ಕೂಸು ಸಣ್ಣದು. ಸುಜಾತಾ ಅಂಕಿ ನೋಡಿದಳು, ಚೀಟಿಯಲ್ಲಿ ಬರೆದಳು, ಬಾಣಂತಿಯ ಕಿವಿಗೆ ಬಗ್ಗಿ ಹೇಳಿದಳು. ಪಕ್ಕದಲ್ಲೇ ಇದ್ದ ನನಗೆ ಕೇಳಲಿಲ್ಲ. ಬಾಣಂತಿ ಅವಳ ಕೈ ಹಿಡಿದುಕೊಂಡಳು.

ಮೊದಲಿನ ಅಜ್ಜಿ ಎಲ್ಲ ನೋಡುತ್ತಿದ್ದಳು. ಸಂಚಿಯಿಂದ ಕಾಡಿಗೆ ಡಬ್ಬಿ ತೆಗೆದಳು. "ಬಾಬೇ ಇಲ್ಲಿ. ಒದರಿದಾಕಿ ನೀನು, ಬೊಟ್ಟೂ ನೀನ ಇಡು."

"ಕಣ್ಣಿಗೆ ಬ್ಯಾಡ, ಅಂಗಾಲಿಗೆ," ಎಂದರು ನರ್ಸಮ್ಮ.

ಸಂಜೆ ಮರಳುವಾಗ ಗಬ್ಬೂರಿನ ಹತ್ತಿರ ಅಣ್ಣನ ಫೋನ್ ಬಂತು. ಸುಜಾತಾಳ ಕೈಗೆ ಕೊಟ್ಟೆ. ಅವಳ ಬೆರಳಲ್ಲಿ ಇನ್ನೂ ಕಾಡಿಗೆಯಿತ್ತು.

"ಜೋರ್ ಹೇಳವಾ, ಕೇಳವಲ್ದು," ಎನ್ನುತ್ತಿದ್ದ ಅಣ್ಣ.

ಅವಳು ದನಿ ಏರಿಸಲಿಲ್ಲ. ಫೋನನ್ನು ಬಾಯಿಗೆ ಹತ್ತಿರ ತಂದು, "ನರ್ಸಿಂಗ್ ಫಾರಂ ತಂದಿಡಪ್ಪಾ," ಎಂದಳು.

ನಾನು ಕಿಟಕಿಯಲ್ಲಿ ಹಿಂತಿರುಗಿ ದೇವದುರ್ಗದ ಹಾದಿ ನೋಡಿದೆ. ಸಿಸ್ಟರ್ ದನಿಯೂ ಇಂಥದೇ ಇತ್ತು.