ಬಿಸಿಲಿಗಿಟ್ಟ ಗಾಜಿನ ಹಲ್ಲು

ದಂಡೋತಿಯ ಕರುಣಾ ಸೇಡಂ–ಶಹಾಬಾದ ಬಸ್ಸಿನಲ್ಲಿ ಕಂಡಕ್ಟರಾಗಿ ಸೇರಿದಾಗ ಅವಳಿಗೆ ಇಪ್ಪತ್ನಾಲ್ಕು ವರ್ಷ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಮೇಲ್ಸಾಲಿನ ಮುಂದಿನ ನಾಲ್ಕು ಹಲ್ಲುಗಳು ಮಾತ್ರ ತುಟಿಯನ್ನು ದಾಟಿ ಹೊರಗೆ ನಿಂತಿದ್ದವು. ಶಾಲೆಗೆ ಹೋಗುವ ಕಾಲದಿಂದಲೂ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು ಮಾತನಾಡುವುದು ಅವಳಿಗೆ ರೂಢಿಯಾಗಿತ್ತು. ನಗು ಬಂದರಂತೂ ಕೈ ತಾನಾಗಿಯೇ ಮೇಲೇಳುತ್ತಿತ್ತು.

ಬಸ್ಸಿನಲ್ಲಿ ಈ ರೂಢಿ ನಡೆಯಲಿಲ್ಲ. ಬಲಗೈಯಲ್ಲಿ ಟಿಕೆಟಿನ ಮಷೀನು, ಎಡಗೈ ಬಾಯಿಯ ಮೇಲೆ. ಕಂಬಿ ಹಿಡಿಯಲು ಮೂರನೆಯ ಕೈ ಇರಲಿಲ್ಲ. ಸೇರಿದ ಎರಡನೆಯ ತಿಂಗಳು ವಾಡಿಯ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ಡ್ರೈವರ್ ಅಂಬರಾಯ ಬ್ರೇಕು ಒತ್ತಿದ. ಯಾರದೋ ಮಾತಿಗೆ ನಗುತ್ತ ನಿಂತಿದ್ದ ಕರುಣಾ ಡ್ರೈವರನ ಸೀಟಿನ ತನಕ ಉರುಳಿಬಂದಳು. ಮೊಣಕೈ ತರಚಿತು.

“ಕಂಬಿ ಹಿಡೀಬೇಕವ್ವಾ,” ಎಂದ ಅಂಬರಾಯ. “ಬಾಯಿ ಏನು ಓಡಿ ಹೋಗ್ತದೇನು, ಅದನ್ನ ಹಿಡಕೊಂಡು ನಿಂತೀ?”

ಬಸ್ಸಿನ ತುಂಬ ನಗು. ಕರುಣಾಳೂ ನಕ್ಕಳು, ಕೈ ಅಡ್ಡ ಹಿಡಿದುಕೊಂಡೇ. ಮುಂದಿನ ರಜೆಯ ದಿನ ಆಕೆ ಶಹಾಬಾದದಲ್ಲಿ ಹಲ್ಲಿನ ಡಾಕ್ಟರು ಅತೀಯಾ ಅವರ ದವಾಖಾನೆಯ ಮುಂದೆ ಇಳಿದಳು.

ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಎರಡು ವರ್ಷ ನಾಲ್ಕು ತಿಂಗಳು ಕಳೆದಳು. ತಂತಿ ಬಿಗಿ ಮಾಡಿಸಿಕೊಂಡು ಬಂದಾಗಲೆಲ್ಲ ಕಟಕ ರೊಟ್ಟಿಯನ್ನು ಬೇಳೆಸಾರಿನಲ್ಲಿ ನೆನೆಸಿ ತಿಂದಳು. ತಂತಿ ಬಿಚ್ಚಿದ ದಿನ ಡಾಕ್ಟರು ಕೈಗೆ ಕನ್ನಡಿ ಕೊಟ್ಟರು. ಸಾಲು ನೆಟ್ಟಗಿತ್ತು. ಕರುಣಾ ಬಹಳ ಹೊತ್ತು ಕನ್ನಡಿಯನ್ನು ಹಿಂದಿರುಗಿಸಲಿಲ್ಲ. ಆಮೇಲೆ ಡಾಕ್ಟರು ಸಣ್ಣ ಡಬ್ಬಿಯೊಂದನ್ನು ತೆರೆದು ತೋರಿಸಿದರು. ಒಳಗೆ ಗಾಜಿನಂತೆ ತಿಳಿಯಾದ, ಹಲ್ಲುಗಳ ಮೇಲೆ ಸರಿಯಾಗಿ ಕೂಡುವ ತೆಳು ಪ್ಲಾಸ್ಟಿಕ್ಕಿನ ಅಚ್ಚು ಇತ್ತು. ಅದಕ್ಕೆ ರಿಟೇನರ್ ಎಂದು ಹೆಸರು.

“ಇಲ್ಲಿ ಕೇಳ್ರಿ ಕರುಣಾ. ಹಲ್ಲು ಸರದು ಬಂದಾವ, ಖರೆ. ಆದರ ಹೊಸಾ ಜಾಗದಾಗ ಇನ್ನೂ ಗಟ್ಟಿ ಕುಂತಿಲ್ಲ. ಇದು ಹಾಕ್ಕೊಳಿಲ್ಲಂದ್ರ ಹಳೀ ಜಾಗಕ್ಕ ವಾಪಸ್ ಹೊಂಟಬಿಡ್ತಾವ, ಮತ್ತ ತಂತೀನೇ ಕಟ್ಟಬೇಕಾಗ್ತದ. ಒಂದು ವರ್ಷ ಹಗಲೂ ರಾತ್ರಿ ಹಾಕ್ಕೋರಿ, ಉಣ್ಣುವಾಗ ಅಷ್ಟ ತೆಗೀರಿ. ತಣ್ಣೀರಾಗ ತೊಳೀರಿ. ಬಿಸಿನೀರು ಬ್ಯಾಡೇ ಬ್ಯಾಡ.”

ಮೊದಲ ವಾರ ನಾಲಗೆ ತೊಡರಿತು. ಅವಳ ದಾರಿಯ ಊರುಗಳೂ ಅಂಥವೇ: ಸೇಡಂ, ಚಿತ್ತಾಪುರ, ಶಹಾಬಾದ. ಕೂಗಿದಾಗಲೆಲ್ಲ ಹಲ್ಲಿನ ಸಂದಿಯಿಂದ ಗಾಳಿ ಸೋರಿದಂತೆ ಸದ್ದಾಗುತ್ತಿತ್ತು. ವಾಡಿಯಲ್ಲಿ ಬಳೆ ಮಾರುವ ಜೈತುನ್ಬೀ ದಿನವೂ ಅದೇ ಬಸ್ಸಿಗೆ ಬರುವವಳು. “ಏನವ್ವಾ ಕಂಡಕ್ಟರ್, ಬಾಯಾಗ ಬೆಲ್ಲ ಇಟಗೊಂಡು ಮಾತಾಡಲಿಕತ್ತೀ? ನಮಗೂ ಒಂದು ತುಣುಕು ಕೊಡು,” ಎಂದು ಕಾಡಿದಳು. ಹದಿನೈದು ದಿನಗಳಲ್ಲಿ ನಾಲಗೆ ದಾರಿಗೆ ಬಂತು. ಎಡಗೈಗೆ ಮಾತ್ರ ಇನ್ನೆರಡು ತಿಂಗಳು ಹಿಡಿದವು. ಕೊನೆಗೆ ಅದೂ ಕಂಬಿಗೆ ಒಗ್ಗಿಕೊಂಡಿತು.

ಮನೆಯಲ್ಲಿದ್ದವಳು ಆಯಿ, ಎಂದರೆ ತಂದೆಯ ತಾಯಿ, ಹಣಮವ್ವ. ಕರುಣಾಳನ್ನು ಎತ್ತಿ ಬೆಳೆಸಿದವಳು ಅವಳೇ. ಹಣಮವ್ವನ ಕಟ್ಟಳೆಗಳು ಬಹಳವಿರಲಿಲ್ಲ. ಇದ್ದವುಗಳಲ್ಲಿ ಮೊದಲನೆಯದು ಬಿಸಿಲು. ಉಪ್ಪಿನಕಾಯಿಯ ಭರಣಿಯಾಗಲಿ, ತಲೆದಿಂಬಾಗಲಿ, ಕೂಸಿಗೆ ಹಾಲು ಕುಡಿಸುವ ಒಳಲೆಯಾಗಲಿ, ತೊಳೆದ ಮೇಲೆ ಮಾಳಿಗೆಗೆ ಹಾಸಿದ ಪರಸಿಗಲ್ಲಿನ ಮೇಲೆ ಒಂದು ಹೊತ್ತು ಒಣಗಿಯೇ ಕೆಳಗಿಳಿಯಬೇಕು. ಮೊಮ್ಮಗಳ ರಿಟೇನರನ್ನು ಅವಳು ‘ಗಾಜಿನ ಹಲ್ಲು’ ಎಂದು ಕರೆಯುತ್ತಿದ್ದಳು. ಅದನ್ನು ಹಸಿಯಾಗಿಯೇ ಡಬ್ಬಿಯಲ್ಲಿ ಮುಚ್ಚಿಡುವುದು ಅವಳ ಮನಸ್ಸಿಗೆ ಒಗ್ಗಿರಲಿಲ್ಲ.

ಮೇ ತಿಂಗಳ ಒಂದು ಗುರುವಾರ, ರಜೆಯ ದಿನ. ಊಟಕ್ಕೆಂದು ರಿಟೇನರ್ ತೆಗೆದಿಟ್ಟ ಕರುಣಾ ಕೈತೊಳೆದು ಹಾಗೆಯೇ ಅಡ್ಡಾದಳು. ಹಿಂದಿನ ದಿನ ಎರಡು ಪಾಳಿ ದುಡಿದಿದ್ದಳು. ಗಾಢವಾಗಿ ನಿದ್ದೆ ಬಂತು. ಎದ್ದಾಗ ಮೂರು ಗಂಟೆ. ಡಬ್ಬಿ ಖಾಲಿಯಾಗಿತ್ತು.

“ಆಯೀ, ಇದರಾಗಿಂದು ಎಲ್ಲಿ?”

“ಮಾಳಗಿ ಮ್ಯಾಲ ಅದ. ಚಂದಾಗಿ ತೊಳದು ಬಿಸಲಿಗಿ ಇಟ್ಟೀನಿ. ಹಸೀದು ಹಂಗೇ ಮುಚ್ಚಿಡ್ತೀ, ಬೂಸರ ಹಿಡದ್ರ ನಿನ್ನ ಬಾಯಾಗೇ ಹೋಗ್ತದಲಾ?”

ಕರುಣಾ ನಿಚ್ಚಣಿಕೆ ಹತ್ತಿದಳು. ಪರಸಿ ಕಾದ ಹಂಚಿನಂತಿತ್ತು, ಅಂಗಾಲು ಊರಲಾಗಲಿಲ್ಲ. ಹರಡಿದ್ದ ಜೋಳದ ಹಪ್ಪಳಗಳ ನಡುವೆ ರಿಟೇನರ್ ಬಿದ್ದಿತ್ತು. ನಡುವೆ ಚಪ್ಪಟೆಯಾಗಿ, ಎರಡೂ ತುದಿ ಒಳಕ್ಕೆ ಸುರುಟಿಕೊಂಡಿತ್ತು. ಅಲ್ಲಿಯೇ ನಿಂತು ಬಾಯಿಗೆ ಹಾಕಿ ನೋಡಿದಳು. ಒಂದು ಕಡೆ ಹಲ್ಲಿಗೆ ತಾಕಿದರೆ ಇನ್ನೊಂದು ಕಡೆ ತಾಕುತ್ತಿರಲಿಲ್ಲ.

“ಒಣಗ್ಯಾದೇನು?” ಎಂದು ಆಯಿ ಕೆಳಗಿನಿಂದ ಕೇಳಿದಳು.

“ಒಣಗ್ಯಾದ,” ಎಂದಳು ಕರುಣಾ.

ದವಾಖಾನೆಗೆ ಫೋನು ಮಾಡಿದರೆ ಡಾಕ್ಟರು ಮದುವೆಗೆ ಹೋಗಿದ್ದಾರೆ, ಸೋಮವಾರವೇ ಬರುವುದು ಎಂದು ಅಲ್ಲಿಯವರು ಹೇಳಿದರು. ಸಂಜೆಯಾದರೂ ಮೊಮ್ಮಗಳು ಗಾಜಿನ ಹಲ್ಲು ಹಾಕಿಕೊಳ್ಳದಿದ್ದುದನ್ನು ಕಂಡು ಹಣಮವ್ವನಿಗೆ ತಾನು ಮಾಡಿದ್ದೇನೆಂದು ತಿಳಿಯಿತು. ಅವಳು ಅಂದು ರೊಟ್ಟಿ ಬಡಿದಳು, ಉಣ್ಣಲಿಲ್ಲ.

ಶುಕ್ರವಾರ ಕರುಣಾಳ ನಾಲಗೆ ಗಳಿಗೆಗೊಮ್ಮೆ ಮುಂದಿನ ಹಲ್ಲುಗಳನ್ನು ತಡವಿ ಬಂತು. ಶನಿವಾರ ಎಡಗಡೆಯ ಒಂದು ಹಲ್ಲಿನ ಅಂಚು ನಾಲಗೆಗೆ ತಾಕಿದಂತಾಯಿತು. ಮೊದಲೂ ಹಾಗೆಯೇ ಇತ್ತೋ, ಈಗ ಸರಿದಿದೆಯೋ, ಹೇಳುವುದು ಕಷ್ಟ. ಎರಡು ವರ್ಷ ನಾಲ್ಕು ತಿಂಗಳನ್ನು ಮತ್ತೆ ಮೊದಲಿನಿಂದ ಕಳೆಯುವ ಯೋಚನೆ ಅವಳ ಬೆನ್ನು ಬಿಡಲಿಲ್ಲ. ಭಾನುವಾರ ಚಿತ್ತಾಪುರ ದಾಟಿದ ಮೇಲೆ ಅಂಬರಾಯ ಕನ್ನಡಿಯಲ್ಲಿ ನೋಡಿ, “ಕಂಬೀ!” ಎಂದು ಕೂಗಿದ. ಎಡಗೈ ಬಾಯಿಯ ಮೇಲಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೋ ಅವಳಿಗೇ ತಿಳಿದಿರಲಿಲ್ಲ.

ಸೋಮವಾರ ಆಯಿಯೂ ಹೊರಟು ನಿಂತಳು. “ನೀ ಅಲ್ಲಿ ಏನೂ ಮಾತಾಡಬ್ಯಾಡ. ಡಾಕ್ಟರಿಗಿ ನಾ ಹೇಳ್ತೀನಿ,” ಎಂದು ಕರುಣಾ ದಾರಿಯುದ್ದಕ್ಕೂ ಹೇಳಿಕೊಟ್ಟಳು.

ಡಾಕ್ಟರು ಸುರುಟಿದ ಅಚ್ಚನ್ನು ಬೆಳಕಿಗೆ ಹಿಡಿದರು. “ಬಿಸಿನೀರಾಗ ಹಾಕೀರೇನು?”

“ಇಲ್ರಿ. ಬಸ್ಸಿನ ಇಂಜಿನ್ ಮ್ಯಾಲ ಇಟ್ಟು ಮರತಿದ್ದೆ. ನಂದೇ ತಪ್ಪು.”

“ಸುಳ್ಳ ಹೇಳ್ತಾಳ್ರಿ ಡಾಕ್ಟರಮ್ಮ,” ಎಂದಳು ಹಣಮವ್ವ, ಕುಳಿತಲ್ಲಿಂದ ಎದ್ದು. “ನಾನೇ ಪರಸಿ ಮ್ಯಾಲ ಒಣಾ ಹಾಕಿದ್ದೆ. ಬೈಯೂದು ಇದ್ದರ ನನಗ ಬೈರಿ. ಆದರ ನೀವು ಬಿಸಿನೀರು ಬ್ಯಾಡ ಅಂದಿದ್ರಿ, ಬಿಸಲು ಬ್ಯಾಡಂತ ಎಲ್ಲಿ ಹೇಳಿದ್ರಿ?”

ಡಾಕ್ಟರು ಅಚ್ಚನ್ನು ಮೇಜಿನ ಮೇಲಿಟ್ಟರು. “ಖರೆ ಅದ ಆಯಿ. ನಾ ಹೇಳಿಲ್ಲ.”

ಅನಂತರ ಕರುಣಾಳನ್ನು ಕುರ್ಚಿಯಲ್ಲಿ ಒರಗಿಸಿ, ಬಾಯೊಳಗೆ ಸಣ್ಣ ಕನ್ನಡಿ ಹಿಡಿದು ನೋಡಿದರು. ಎಡಗಡೆಯ ಹಲ್ಲು ಕೂದಲೆಳೆಯಷ್ಟು ಸರಿದಿತ್ತು. ಅವಳ ನಾಲಗೆ ಸುಳ್ಳು ಹೇಳಿರಲಿಲ್ಲ. ತಂತಿ ಬಿಚ್ಚಿದ ದಿನ ತೆಗೆದಿದ್ದ ಅವಳ ಹಲ್ಲಿನ ಪ್ಲಾಸ್ಟರಿನ ಪಡಿಯಚ್ಚು ಕಪಾಟಿನಲ್ಲಿತ್ತು. ಡಾಕ್ಟರು ಅದನ್ನು ಹೊರಗೆ ತೆಗೆದರು.

“ತಂತಿ ಬ್ಯಾಡ. ಇದರ ಮ್ಯಾಲೇ ಹೊಸಾದು ಮಾಡಿ ಕೊಡ್ತೀನಿ, ಎರಡು ತಾಸು ಕುಂದ್ರಿ. ನಾಕು ದಿನ ಬಿಗಿ ಆಗ್ತದ, ನೋಯ್ತದ. ತಡಕೊಂಡ್ರ ಹಲ್ಲು ತಾನೇ ವಾಪಸ್ ಬರ್ತದ.”

ಅದಾದ ಮೇಲೆ ಆ ದವಾಖಾನೆಯಲ್ಲಿ ರಿಟೇನರ್ ಜೊತೆಗೆ ಕೊಡುವ ಚೀಟಿಯಲ್ಲಿ, ಪರಸಿಯ ಮೇಲೆ ಒಣಗಿಸಬಾರದು ಎಂಬ ಸಾಲೊಂದು ಸೇರಿತು.

ಕರುಣಾ ಆ ದಿನ ಮಧ್ಯಾಹ್ನದ ಪಾಳಿಗೆ ಬದಲಿಸಿಕೊಂಡಿದ್ದಳು. ಶಹಾಬಾದದಿಂದ ಬಸ್ಸು ಹೊರಟಾಗ ಹಣಮವ್ವ ಮುಂದಿನ ಸೀಟಿನಲ್ಲಿ ಕುಳಿತಳು. ಖಾಲಿ ಡಬ್ಬಿಯನ್ನು ಮೊಮ್ಮಗಳಿಂದ ಕೇಳಿ ಪಡೆದು, ಸೆರಗಿನ ತುದಿಯಲ್ಲಿ ಗಂಟು ಹಾಕಿ, ಬಿಸಿಲು ಬೀಳದ ಮಗ್ಗುಲಿಗೆ ಇಟ್ಟುಕೊಂಡಳು. ಹೊಸ ರಿಟೇನರ್ ಬಿಗಿಯಾಗಿತ್ತು. ಊರುಗಳ ಹೆಸರು ಕೂಗುವಾಗ ಕರುಣಾಳ ದವಡೆಯ ತನಕ ನೋವು ಏರುತ್ತಿತ್ತು. ಆದರೂ ಕೂಗಿದಳು.

ವಾಡಿಯ ಹತ್ತಿರ ಕಲ್ಲಿನ ಲಾರಿಯೊಂದು ತಟಕ್ಕನೆ ಮುಂದೆ ನಿಂತಿತು. ಬ್ರೇಕು ಬಿತ್ತು, ಬಸ್ಸಿನಲ್ಲಿದ್ದವರೆಲ್ಲ ಮುಂದಕ್ಕೆ ವಾಲಿದರು. ಹಣಮವ್ವನ ಕೈ ಸೆರಗಿನ ಗಂಟನ್ನು ಒತ್ತಿ ಹಿಡಿಯಿತು.

“ಹಿಡದೀಯೇನವ್ವಾ?” ಎಂದು ಅಂಬರಾಯ ಹಿಂದಿರುಗಿ ನೋಡದೆ ಕೇಳಿದ.

“ಹಿಡದೀನಿ,” ಎಂದಳು ಕರುಣಾ, ಎಡಗೈಯಲ್ಲಿ ಕಂಬಿ ಹಿಡಿದು.

“ನಾನೂ ಹಿಡದೀನಪ್ಪಾ, ಹೊಡಿ ಇನ್ನ,” ಎಂದಳು ಆಯಿ.

ಬಸ್ಸು ಮುಂದೆ ಸಾಗಿತು.